ಮ್ಯಾಪ್ ಇಲ್ಲದ ಹಳದಿ ಜಿಪಿಎಸ್

12 ಡಾಲರ್ ಕೊಟ್ಟು ತಂದ, ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಅನ್ನೋ ಹಳೇ ಜಿಪಿಎಸ್ ಯಂತ್ರ ಒಂದು ನನ್ನ ಹತ್ತಿರ ಇದೆ. ಹಳದಿ ಬಣ್ಣದ್ದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರಲ್ಲಿ ಮ್ಯಾಪ್ ಇಲ್ಲ, ಕಲರ್ ಸ್ಕ್ರೀನ್ ಇಲ್ಲ, ಬ್ಲೂಟೂತ್ ಇಲ್ಲ. ಎರಡು ಎಎ ಸೆಲ್ ಹಾಕಿದರೆ ಯಾವ ಕಡೆ ಹೋಗಬೇಕು ಅಂತ ಒಂದು ಬಾಣ ತೋರಿಸುತ್ತದೆ, ಇನ್ನೆಷ್ಟು ದೂರ ಅಂತ ಒಂದು ಅಂಕಿ ತೋರಿಸುತ್ತದೆ, ಹೆಚ್ಚುಕಡಿಮೆ ಅಷ್ಟೇ. ಜಿಯೋಕ್ಯಾಶಿಂಗ್ ಶುರು ಮಾಡುವವರಿಗೆ ಇಂಥದ್ದೇ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದಕ್ಕೇ ಬರೆಯಬೇಕಾಗುತ್ತದೆ.

ಈ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಕಣ್ಣಿಗೆ ಬೀಳದ ಹಾಗೆ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಎರಡನ್ನೂ ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ನಾವು ಹುಡುಕಿಕೊಂಡು ಹೋಗಿ, ಒಳಗಿರುವ ಕಾಗದದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇದ್ದಲ್ಲೇ ಇಟ್ಟು ಬರಬೇಕು. ಡಬ್ಬಿ ಬೆರಳ ತುದಿಯಷ್ಟು ಚಿಕ್ಕದಿರಬಹುದು, ಮಿಲಿಟರಿಯವರು ಗುಂಡು ತುಂಬಿಡುವ ಕಬ್ಬಿಣದ ಪೆಟ್ಟಿಗೆಯೂ ಇರಬಹುದು. ದೊಡ್ಡ ಡಬ್ಬಿಯಾದರೆ ಒಳಗೆ ಆಟದ ಸಾಮಾನು, ನಾಣ್ಯ, ಕೀಚೈನ್ ಇಂಥವು ಇರುತ್ತವೆ. ಒಂದು ತೆಗೆದುಕೊಂಡರೆ ಅದರಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ತಿನ್ನೋ ಪದಾರ್ಥ ಇಡುವ ಹಾಗಿಲ್ಲ, ಪ್ರಾಣಿಗಳು ವಾಸನೆ ಹಿಡಿದು ಬಂದು ಡಬ್ಬಿ ಕಚ್ಚಿ ಹಾಕುತ್ತವೆ. ನೆಲ ಅಗೆದು ಹೂಳುವ ಹಾಗೂ ಇಲ್ಲ. ಈಗ ಪ್ರಪಂಚದಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ.

ನಾನಿರೋದು ಅಮೆರಿಕದ ಒರೆಗಾನ್ ರಾಜ್ಯದ ಬೀವರ್‌ಟನ್‌ನಲ್ಲಿ. ಈ ಆಟ ಹುಟ್ಟಿದ ಜಾಗ ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಹುಟ್ಟಿದ ಕಥೆಯೂ ಚೆನ್ನಾಗಿದೆ. ಜಿಪಿಎಸ್ ಅಮೆರಿಕದ ಮಿಲಿಟರಿಯದ್ದು ಅಲ್ವಾ, ಅವರು ಸಾರ್ವಜನಿಕರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ಹಾಗಾಗಿ ನಾವು ನಿಂತ ಜಾಗ ನೂರು ಮೀಟರ್‌ನಷ್ಟು ಆಚೆ ಈಚೆ ತೋರಿಸುತ್ತಿತ್ತು. 2000ನೇ ಇಸವಿ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಇದನ್ನು ಇವತ್ತು ಮಧ್ಯರಾತ್ರಿಯಿಂದಲೇ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿದರು. ಬೆಳಗಾಗುವುದರೊಳಗೆ, ಜನರ ಕೈಯಲ್ಲಿದ್ದ ಅದೇ ಹಳೇ ರಿಸೀವರುಗಳು ಹತ್ತಿಪ್ಪತ್ತು ಮೀಟರ್ ಒಳಗೆ ಜಾಗ ತೋರಿಸತೊಡಗಿದವು. ಯಾರೂ ಹೊಸದು ಕೊಳ್ಳಬೇಕಾಗಲಿಲ್ಲ, ಇದ್ದದ್ದೇ ಸರಿಯಾಯಿತು.

ಮೇ 3ರಂದು ಡೇವ್ ಉಲ್ಮರ್ ಅನ್ನುವವರು ಇದನ್ನು ಪರೀಕ್ಷೆ ಮಾಡೋಣ ಅಂತ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಇಟ್ಟರು. ಒಳಗೆ ಪುಸ್ತಕ, ವಿಡಿಯೋ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬ ಬೀನ್ಸ್, ಬರೆಯೋಕೆ ಪುಸ್ತಕ ಪೆನ್ಸಿಲ್. ಜಾಗದ ಅಂಕಿಗಳನ್ನು ಇಂಟರ್ನೆಟ್‌ನಲ್ಲಿ ಹಾಕಿ, ಸ್ವಲ್ಪ ತಗೊಳ್ಳಿ, ಸ್ವಲ್ಪ ಬಿಡಿ ಅಂತ ಬರೆದರು. ಮೂರೇ ದಿನದಲ್ಲಿ ಇಬ್ಬರು ಹುಡುಕಿಕೊಂಡು ಬಂದರು, ಮೊದಲು ಬಂದವರು ಮೈಕ್ ಟೀಗ್. ಜಿಯೋಕ್ಯಾಶಿಂಗ್ ಅನ್ನೋ ಹೆಸರನ್ನು ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಕೊಟ್ಟರು. ಆ ಬಕೆಟ್ ಇದ್ದ ಜಾಗದಲ್ಲಿ ಈಗ ಒಂದು ಫಲಕ ಇದೆ: ಉತ್ತರ 45° 17.460, ಪಶ್ಚಿಮ 122° 24.800. ನನ್ನ ಇಟ್ರೆಕ್ಸ್ ಮಾರುಕಟ್ಟೆಗೆ ಬಂದದ್ದೂ ಅದೇ 2000ದಲ್ಲಿ.

ಈ ಯಂತ್ರ ಸಿಕ್ಕಿದ್ದು ಒಂದು ಗರಾಜ್ ಸೇಲ್‌ನಲ್ಲಿ. ಆ ಬೇಸಿಗೆಗೆ ಅಪ್ಪ ಊರಿಂದ ಬಂದಿದ್ದರು. ಅಪ್ಪ ತಿಪಟೂರು ಕಡೆ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದು ನಿವೃತ್ತರಾದವರು. ಇಲ್ಲಿ ಶನಿವಾರ ಬಂತೆಂದರೆ ಜನ ಮನೆ ಮುಂದೆ ಹಳೇ ಸಾಮಾನು ಹರವಿ ಮಾರುವುದನ್ನು ನೋಡೋದು ಅವರಿಗೆ ಬಹಳ ಇಷ್ಟವಾಗಿತ್ತು. ಮೀನು ಹಿಡಿಯುವ ಗಾಳ, ಟೆಂಟಿನ ಗೂಟಗಳ ಪಕ್ಕ ಇದು ಬಿದ್ದಿತ್ತು. ಅಪ್ಪ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, “ಇದು ಅಳತೆ ಮಾಡೋದಾ?” ಅಂದರು. ಮಾರುತ್ತಿದ್ದ ವಯಸ್ಸಾದವರು ಸೆಲ್ ಹಾಕಿ ತೋರಿಸಿದರು.

ಹಳೇ ಜಿಪಿಎಸ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಸೆಲ್ ಹಾಕುವ ಜಾಗ. ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ವರ್ಷಗಟ್ಟಲೆ ಸೆಲ್ ಒಳಗೇ ಬಿಟ್ಟಿದ್ದರೆ ಅದು ಸೋರಿ ಹಸಿರೋ ಬಿಳಿಯೋ ಪುಡಿ ಕಟ್ಟಿರುತ್ತದೆ. ತುಸು ಇದ್ದರೆ ಹತ್ತಿಗೆ ವಿನಿಗರ್ ಅದ್ದಿ ಒರೆಸಿದರೆ ಹೋಗುತ್ತದೆ, ಲೋಹವನ್ನೇ ತಿಂದಿದ್ದರೆ ಬೇಡ. ಆಮೇಲೆ ಸುತ್ತಲಿನ ರಬ್ಬರ್ ಪಟ್ಟಿ. ಇಟ್ರೆಕ್ಸ್‌ನಲ್ಲಿ ಅದರ ಅಂಟು ಬಿಡೋದು ಮಾಮೂಲು, ಬಟನ್‌ಗಳೂ ಆ ಪಟ್ಟಿಯಲ್ಲೇ ಇರುವುದರಿಂದ ಅದು ಹರಿದಿದ್ದರೆ ಒತ್ತೋಕೆ ಕಷ್ಟ. ಪ್ರತಿ ಬಟನ್ ಒತ್ತಿ ನೋಡಿ. ಸ್ಕ್ರೀನ್ ಮೇಲೆ ಅಡ್ಡ ಗೆರೆ, ಕಪ್ಪು ಮಚ್ಚೆ ಇದೆಯಾ ನೋಡಿ. ಈ ಮೂರು ಸರಿಯಿದ್ದರೆ ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೇಬಲ್ ಇಲ್ಲ ಅಂತ ಬಿಡಬೇಡಿ, ಆ ಕಾಲದ ಕೇಬಲ್‌ಗೆ ಈಗಿನ ಲ್ಯಾಪ್‌ಟಾಪಿನಲ್ಲಿ ಕಿಂಡಿಯೇ ಇಲ್ಲ. ಅಂಕಿಗಳನ್ನು ಕೈಯಲ್ಲೇ ಹೊಡೆದುಕೊಂಡರಾಯಿತು.

ತಾರೀಖು ತಪ್ಪು ತೋರಿಸುತ್ತದೆ ಅಂತಲೂ ಬಿಡಬೇಡಿ. ನನ್ನದು ಇವತ್ತಿನ ತಾರೀಖನ್ನು ಸುಮಾರು 20 ವರ್ಷ ಹಿಂದಿನದು ಅಂತ ತೋರಿಸುತ್ತದೆ. ಕೆಟ್ಟುಹೋಗಿ ಅಲ್ಲ. ಜಿಪಿಎಸ್ ಉಪಗ್ರಹಗಳು ದಿನವನ್ನು ವಾರದ ಲೆಕ್ಕದಲ್ಲಿ ಕಳಿಸುತ್ತವೆ. ಆ ಲೆಕ್ಕ 1980ರ ಜನವರಿ 6ರಿಂದ ಶುರು, ಸೊನ್ನೆಯಿಂದ 1023ರವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಂದು ಸುತ್ತು ಮುಗಿಯಿತು, 2019ರ ಏಪ್ರಿಲ್‌ನಲ್ಲಿ ಇನ್ನೊಂದು. ಹಳೇ ಯಂತ್ರಗಳಲ್ಲಿ ಎಷ್ಟೋ ಇನ್ನೂ ಹಿಂದಿನ ಸುತ್ತಿನಲ್ಲೇ ಇವೆ. ಜಾಗ ಹೇಳೋದರಲ್ಲಿ ಇದರಿಂದ ಏನೂ ಏರುಪೇರಾಗುವುದಿಲ್ಲ. ಮಾರುವವರಿಗೇ ಇದು ಗೊತ್ತಿರದೆ, ಕೆಟ್ಟಿದೆ ಅಂತ ಬೆಲೆ ಇಳಿಸಿರುತ್ತಾರೆ. ಅವರಿಗೆ ವಿಷಯ ಹೇಳಿಯೇ ಕೊಳ್ಳಿ.

ಇನ್ನೊಂದು ಇದೆ, ಇದು ಬಹಳ ಮುಖ್ಯ. ಸೆಟಪ್‌ಗೆ ಹೋಗಿ ಮ್ಯಾಪ್ ಡೇಟಂ, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಯಾವ ಲೆಕ್ಕದಲ್ಲಿ ಅಳೆಯುತ್ತದೆ ಅನ್ನೋದು, ಏನಿದೆ ನೋಡಿ. ಅಮೆರಿಕದ ಹಳೇ ಸರ್ಕಾರಿ ನಕ್ಷೆಗಳು ಎನ್‌ಎಡಿ 27 ಅನ್ನೋ ಲೆಕ್ಕದಲ್ಲಿ ಅಚ್ಚಾಗಿದ್ದವು, ಆ ನಕ್ಷೆ ಇಟ್ಟುಕೊಂಡು ಬೇಟೆಗೋ ಚಾರಣಕ್ಕೋ ಹೋಗುತ್ತಿದ್ದವರು ಜಿಪಿಎಸ್ಸನ್ನೂ ಅದಕ್ಕೇ ಹೊಂದಿಸಿ ಇಟ್ಟುಕೊಳ್ಳುತ್ತಿದ್ದರು. ಜಿಯೋಕ್ಯಾಶಿಂಗ್ ನಡೆಯೋದು ಡಬ್ಲ್ಯುಜಿಎಸ್ 84 ಅನ್ನೋ ಇನ್ನೊಂದು ಲೆಕ್ಕದಲ್ಲಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇವೆರಡಕ್ಕೂ ಸುಮಾರು ನೂರು ಮೀಟರ್ ವ್ಯತ್ಯಾಸ. ಅದನ್ನು ಬದಲಾಯಿಸದೆ ಹೋದರೆ ಬೇರೆ ಯಾವುದೋ ಮರದ ಬುಡ ಕೆದಕುತ್ತಾ ನಿಂತಿರುತ್ತೀರಿ. ಹಾಗೇ ಅಂಕಿ ಬರೆಯುವ ರೀತಿಯನ್ನು ಡಿಗ್ರಿ, ನಿಮಿಷ, ನಿಮಿಷದ ಸಾವಿರದ ಭಾಗ ಅಂತ ಇಟ್ಟುಕೊಳ್ಳಿ. ಆ ಕೊನೆಯ ಅಂಕಿ ಒಂದು ಬದಲಾದರೆ ಉತ್ತರ ದಕ್ಷಿಣಕ್ಕೆ 1.85 ಮೀಟರ್, ಅಂದರೆ ಸರಿಸುಮಾರು ಒಂದು ಆಳುದ್ದ. ಇದು ತಲೆಯಲ್ಲಿ ಕೂತರೆ ಸ್ಕ್ರೀನಿನ ಅಂಕಿ ನೋಡುತ್ತಲೇ ಕಾಲಿಗೆ ಲೆಕ್ಕ ಸಿಗುತ್ತದೆ.

ನಮ್ಮ ಯಂತ್ರದ ಒಳಗೆ ಹಳೇ ಮಾಲೀಕರು ಗುರುತು ಹಾಕಿಟ್ಟ ಜಾಗಗಳು ಹಾಗೇ ಇದ್ದವು. ಹೆಸರಿಗೆ ಆರೇ ಅಕ್ಷರ ಹಿಡಿಯುವುದರಿಂದ ಎಲ್ಲ ಮೊಟಕು ಮೊಟಕಾಗಿ: ಕ್ಯಾಂಪ್, ಟ್ರಕ್, ಸೇತುವೆ, ಮತ್ತೆ ಮನೆ. ಮನೆ ಅನ್ನೋದನ್ನು ನೋಡಿ ನನಗೆ ಕಸಿವಿಸಿಯಾಯಿತು. ಏನು ಮಾಡಲಿ ಅಂತ ಮಾರಿದವರನ್ನೇ ಕೇಳಿದೆ. ಅವರು ಅಲ್ಲೇ ನಿಂತು ಒಂದೊಂದನ್ನೂ ಓದಿಸಿಕೊಂಡು, ಎರಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಉಳಿದದ್ದೆಲ್ಲ ಅಳಿಸಿ ಅಂದರು. ಯಾರ ಹತ್ತಿರ ಕೊಂಡರೂ ಹೀಗೆ ಕೇಳಿ. ಒಬ್ಬರು ವರ್ಷಗಟ್ಟಲೆ ಓಡಾಡಿದ ಜಾಗಗಳು ಅದರಲ್ಲಿರುತ್ತವೆ, ಅವು ನಮಗೆ ಮಾರಿದ್ದಲ್ಲ.

ಮನೆಗೆ ಬಂದು ಹಿತ್ತಲಲ್ಲಿ ಆನ್ ಮಾಡಿ ಇಟ್ಟರೆ ಬಹಳ ಹೊತ್ತು ಏನೂ ಬರಲಿಲ್ಲ. ಕಾಯುತ್ತಾ ಕೂತಾಗ ಜಿಪಿಎಸ್ ಹೇಗೆ ಕೆಲಸ ಮಾಡುತ್ತದೆ ಅಂತ ಅಪ್ಪನಿಗೆ ಹೇಳೋಕೆ ಹೊರಟೆ. ಅವರು ಎರಡನೇ ವಾಕ್ಯಕ್ಕೇ ತಡೆದು, “ಗೊತ್ತಾಯ್ತು ಬಿಡು, ಬಾಂದುಕಲ್ಲು ಹುಡುಕಿದ ಹಾಗೆ” ಅಂದರು.

ಬಾಂದುಕಲ್ಲು ಅಂದರೆ ಜಮೀನಿನ ಗಡಿಗೆ ನೆಟ್ಟ ಕಲ್ಲು. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸೋಕೆ, ಹೋದಾಗ ಎಷ್ಟೋ ಸಲ ಕಲ್ಲೇ ಇರುವುದಿಲ್ಲ. ಕತ್ತಾಳೆ ಬೇಲಿ ನುಂಗಿರುತ್ತದೆ, ಉಳುವಾಗ ಮಗುಚಿರುತ್ತದೆ, ಇಲ್ಲಾ ಯಾರೋ ರಾತ್ರೋರಾತ್ರಿ ಕಿತ್ತು ಎಸೆದಿರುತ್ತಾರೆ. ಆಗ ಅಪ್ಪ ಟಿಪ್ಪಣಿ ಪುಸ್ತಕ ತೆಗೆಯುತ್ತಿದ್ದರು. ಇಂಥ ಕಲ್ಲಿನಿಂದ ಇಷ್ಟು ಚೈನು ಇಷ್ಟು ಆಣೆ, ಅಂಥ ಕಲ್ಲಿನಿಂದ ಇಷ್ಟು ಅಂತ ಅದರಲ್ಲಿ ಇರುತ್ತದೆ. ನಮ್ಮ ಕಡೆ ಚೈನು ಅಂದರೆ 33 ಅಡಿ, ಅದರಲ್ಲಿ 16 ಆಣೆ. ಒಂದು ಚೈನು ಉದ್ದ ಒಂದು ಚೈನು ಅಗಲ ಒಂದು ಗುಂಟೆ, 40 ಗುಂಟೆಗೆ ಎಕರೆ. ಇರುವ ಎರಡು ಕಲ್ಲುಗಳಿಂದ ಇಬ್ಬರು ಚೈನು ಹಿಡಿದು ಎಳೆದರೆ ಎರಡೂ ಅಳತೆ ಕೂಡುವ ಜಾಗದಲ್ಲಿ ಕಾಣೆಯಾದ ಕಲ್ಲು ಇರಬೇಕು. ಮೂರನೇ ಗೊತ್ತಿರುವ ಕಲ್ಲಿನಿಂದ ಇನ್ನೊಂದು ಅಳತೆ ಹಿಡಿದು ತಾಳೆ ನೋಡುತ್ತಿದ್ದರು. ಅಗೆದರೆ ಎಷ್ಟೋ ಸಲ ಎರಡಡಿ ಕೆಳಗೆ ಕಲ್ಲು ಸಿಗುತ್ತಿತ್ತು.

ಜಿಪಿಎಸ್ ಮಾಡೋದೂ ಅದನ್ನೇ. 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ ಸಿಗ್ನಲ್ ಬರೋಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದರಿಂದ ದೂರ ಲೆಕ್ಕ ಹಾಕುತ್ತದೆ. ಮೂರು ದೂರ ಗೊತ್ತಾದರೆ ಜಾಗ ಸಿಕ್ಕಿತು. ಆದರೆ ನಮ್ಮ ಕೈಯಲ್ಲಿರುವ ಯಂತ್ರದ ಗಡಿಯಾರ ಸಾಧಾರಣದ್ದು, ಅದರ ತಪ್ಪನ್ನು ಕಳೆಯೋಕೆ ನಾಲ್ಕನೇ ಉಪಗ್ರಹ ಬೇಕು. ಇದನ್ನು ಕೇಳಿ ಅಪ್ಪ ಒಂದು ಪ್ರಶ್ನೆ ಹಾಕಿದರು, ಇಷ್ಟು ದಿನ ನನಗೆ ಹೊಳೆದಿರಲಿಲ್ಲ: “ಕಲ್ಲುಗಳೇ ಓಡಾಡ್ತಾ ಇದ್ರೆ ಅಳತೆ ಎಲ್ಲಿಂದ ಹಿಡಿಯೋದು?”

ಸರಿಯಾದ ಪ್ರಶ್ನೆ ಅದು. ಉಪಗ್ರಹಗಳು ದಿನಕ್ಕೆ ಎರಡು ಸುತ್ತು ಹಾಕುತ್ತವೆ. ಹಾಗಾಗಿ ಪ್ರತಿಯೊಂದೂ ತಾನು ಈಗ ಎಲ್ಲಿದ್ದೇನೆ ಅಂತ ತಾನೇ ಹೇಳುತ್ತಿರಬೇಕು. ಜೊತೆಗೆ ಉಳಿದ ಉಪಗ್ರಹಗಳೆಲ್ಲ ಎಲ್ಲೆಲ್ಲಿವೆ ಅಂತ ಒಂದು ಅಂದಾಜು ಪಟ್ಟಿಯನ್ನೂ ಕಳಿಸುತ್ತದೆ. ಅದು ಸೆಕೆಂಡಿಗೆ 50 ಬಿಟ್‌ನಷ್ಟೇ ನಿಧಾನ, ಪಟ್ಟಿ ಪೂರ್ತಿ ಬರೋಕೆ 12.5 ನಿಮಿಷ ಬೇಕು. ವರ್ಷಗಟ್ಟಲೆ ಗರಾಜಿನಲ್ಲಿ ಬಿದ್ದಿದ್ದ ಯಂತ್ರದಲ್ಲಿ ಹಳೇ ಪಟ್ಟಿ ಇರುತ್ತದೆ, ಅದು ಹೊಸದನ್ನು ಇಳಿಸಿಕೊಳ್ಳಬೇಕು. ಆದ್ದರಿಂದ ಕೊಂಡ ಮೇಲೆ ಒಮ್ಮೆ ಆಕಾಶ ಚೆನ್ನಾಗಿ ಕಾಣುವ ಕಡೆ ಇಟ್ಟು ಅರ್ಧ ಗಂಟೆ ಸುಮ್ನೆ ಬಿಟ್ಟುಬಿಡಿ. ಫೋನ್‌ಗಳು ಈ ಪಟ್ಟಿಯನ್ನು ಇಂಟರ್ನೆಟ್‌ನಿಂದ ತರಿಸಿಕೊಳ್ಳುವುದರಿಂದ ನಮಗೆ ಈ ಕಾಯುವಿಕೆ ಮರೆತೇ ಹೋಗಿದೆ. ನಮ್ಮದು ಆ ಸಂಜೆ ಸ್ಕ್ರೀನಿನಲ್ಲಿ ಒಂದೊಂದೇ ಉಪಗ್ರಹದ ಸಿಗ್ನಲ್ ಕಂಬ ಕಪ್ಪಾಗುತ್ತಾ ಬಂದು, ಐದಾದಾಗ ಜಾಗ ತೋರಿಸಿತು. ಅಪ್ಪ ಅಂಕಿಗಳನ್ನು ಡೈರಿಯಲ್ಲಿ ಬರೆದುಕೊಂಡರು.

ಇನ್ನು ಆ ಬಾಣದ ವಿಷಯ. ಈ ಹಳೇ ಇಟ್ರೆಕ್ಸ್‌ನಲ್ಲಿ ದಿಕ್ಸೂಚಿ ಇಲ್ಲ. ನಾವು ನಡೆಯುವಾಗ ಹಿಂದಿನ ಜಾಗ, ಈಗಿನ ಜಾಗ ಎರಡನ್ನೂ ನೋಡಿ ನಾವು ಯಾವ ಕಡೆ ಹೋಗುತ್ತಿದ್ದೇವೆ ಅಂತ ತಿಳಿದುಕೊಳ್ಳುತ್ತದೆ. ನಿಂತರೆ ಅದಕ್ಕೆ ದಿಕ್ಕೇ ಗೊತ್ತಿಲ್ಲ, ಬಾಣ ಸುಮ್ನೆ ಆ ಕಡೆ ಈ ಕಡೆ ತಿರುಗುತ್ತಿರುತ್ತದೆ. ಹೊಸಬರಿಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ. ನನಗೆ ಇದೇ ಅದರ ದೊಡ್ಡ ಗುಣ. ಇದರ ಜೊತೆ ಹೋದರೆ ನಡೆಯಲೇಬೇಕು, ನಡೆದರೆ ಮಾತ್ರ ಅದು ಹೇಳುತ್ತದೆ. ಮುಂದೆ ತೊರೆ ಇದೆಯೋ ಮುಳ್ಳಿದೆಯೋ ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ತಲೆ ಎತ್ತಿ ನೋಡಬೇಕು.

ಮೊದಲ ಸಲ ಹೋದದ್ದು ಮನೆ ಹತ್ತಿರದ ಕಾಡಿನಂಥ ಪಾರ್ಕಿಗೆ. ಎತ್ತರದ ಡಗ್ಲಸ್ ಫರ್ ಮರಗಳು, ಕೆಳಗೆ ಸೊಂಟದೆತ್ತರದ ಜರೀಗಿಡ. ದೂರವನ್ನು ಅಡಿಯಲ್ಲಿಡು ಅಂದರು ಅಪ್ಪ, ಮೀಟರಿನಲ್ಲಿ ತಲೆ ಓಡಲ್ಲ ಅಂತ. 120, 80, 45, 20 ಅಂತ ಇಳಿಯುತ್ತಾ ಬಂತು. ನಾನು ಹೆಜ್ಜೆ ಜೋರು ಮಾಡಿದೆ. 12. ಇನ್ನೊಂದು ಹೆಜ್ಜೆಗೆ 38. ಪಕ್ಕಕ್ಕೆ ಬಂದರೆ 25. ದಟ್ಟ ಎಲೆಗಳ ಕೆಳಗೆ ಹಳೇ ರಿಸೀವರಿಗೆ ಸಿಗ್ನಲ್ ಸರಿಯಾಗಿ ಸಿಗಲ್ಲ, ಮರಕ್ಕೆ ಬಡಿದು ಬಂದ ಸಿಗ್ನಲ್ ದೂರವನ್ನು ತಪ್ಪು ಹೇಳುತ್ತದೆ. ಇಟ್ಟವರು ಅಳೆದ ಅಂಕಿಯಲ್ಲೂ ಒಂದಷ್ಟು ತಪ್ಪಿರುತ್ತದೆ. ಎರಡೂ ಸೇರಿ, ಡಬ್ಬಿ ಸುತ್ತ ಮೂವತ್ತಡಿಯೊಳಗೆ ಎಲ್ಲಿ ಬೇಕಾದರೂ ಇರಬಹುದು.

ನಾನು ಜರೀಗಿಡ ಸರಿಸುತ್ತಾ ಇದ್ದೆ. ಅಪ್ಪ ದಾರಿಯಲ್ಲೇ ನಿಂತಿದ್ದರು. “ಡಬ್ಬಿ ಹುಡುಕಬೇಡ. ಇಟ್ಟೋನು ಎಲ್ಲಿ ನಿಂತಿದ್ದ ಅಂತ ಹುಡುಕು” ಅಂದರು. ಅವರು ನೋಡುತ್ತಿದ್ದದ್ದು ದಾರಿಯ ಅಂಚನ್ನು. ಒಂದು ಕಡೆ ಜರೀಗಿಡದ ಎರಡು ಗರಿ ಮುರಿದು ಒಣಗಿದ್ದವು, ಮಣ್ಣು ತುಸು ಗಟ್ಟಿಯಾಗಿ ನುಣುಪಾಗಿತ್ತು. ಅಲ್ಲಿಂದ ಎಂಟ್ಹತ್ತು ಅಡಿ ಒಳಗೆ ಕಡಿದ ಮರದ ಹಳೇ ಬೊಡ್ಡೆ, ಪೂರ್ತಿ ಪಾಚಿ ಕಟ್ಟಿದ್ದು. ಬೊಡ್ಡೆಯ ಬುಡದಲ್ಲಿ ಐದಾರು ತೊಗಟೆ ಚೂರು ಒರಗಿಸಿದ್ದವು. ಅವು ಒಂದರ ಪಕ್ಕ ಒಂದು, ಎಲ್ಲಾ ನೆಟ್ಟಗೆ, ಒಳಮೈ ಒಳಗೆ ಹೊರಮೈ ಹೊರಗೆ. ತಾನಾಗಿ ಉದುರಿದ ತೊಗಟೆ ಹಾಗೆ ಸಾಲಾಗಿ ನಿಲ್ಲಲ್ಲ. ಅವನ್ನು ಸರಿಸಿದರೆ ಪೊಟರೆಯೊಳಗೆ ಹಸಿರು ಟೇಪ್ ಸುತ್ತಿದ ಪ್ಲಾಸ್ಟಿಕ್ ಡಬ್ಬಿ, ನಾಲ್ಕು ಕಡೆ ಚಿಲಕದ್ದು. ಒಳಗೆ ಜಿಪ್ ಚೀಲದಲ್ಲಿ ಪುಟ್ಟ ಪುಸ್ತಕ. ಅಪ್ಪ ಕನ್ನಡದಲ್ಲಿ ಸಹಿ ಮಾಡಿ, ಕೆಳಗೆ ತಾರೀಖು ಹಾಕಿ, ಆಮೇಲೆ ತೊಗಟೆಗಳನ್ನು ಒಂದೊಂದಾಗಿ ತಾವೇ ಜೋಡಿಸಿಟ್ಟರು. ಇಟ್ಟವರಿಗಿಂತ ಚೆನ್ನಾಗಿಯೇ ಜೋಡಿಸಿದರು, ಎರಡನ್ನು ಬೇಕಂತಲೇ ಓರೆಯಾಗಿ.

ಫೋನಿನಲ್ಲೇ ಇದೆಲ್ಲ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ, ಪೇಟೆಯಲ್ಲಂತೂ ಫೋನೇ ವಾಸಿ. ಇಲ್ಲಿ ಅಂಗಡಿಗಳ ಮುಂದಿನ ಪಾರ್ಕಿಂಗ್‌ನಲ್ಲಿ ದೀಪದ ಕಂಬದ ಬುಡಕ್ಕೆ ಒಂದು ತಗಡಿನ ಮುಚ್ಚಳ ಇರುತ್ತದೆ, ಅದನ್ನೆತ್ತಿದರೆ ಡಬ್ಬಿ. ಅಂಥದ್ದಕ್ಕೆ ಫೋನು ಸಾಕು. ಒರೆಗಾನ್‌ನ ಕಾಡುಗಳಲ್ಲಿ ನೆಟ್‌ವರ್ಕ್ ಸಿಗಲ್ಲ, ಮಳೆಯಲ್ಲಿ ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಕೇಳಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಇಟ್ರೆಕ್ಸ್ ಕೈಯಿಂದ ಬಂಡೆ ಮೇಲೆ ಬಿದ್ದರೂ ಎತ್ತಿಕೊಂಡು ನಡೆಯಬಹುದು, ಸೆಲ್ ಮುಗಿದರೆ ಜೇಬಿನಿಂದ ಇನ್ನೆರಡು. ಆದರೆ ನಾನು ಇದನ್ನು ಹಿಡಿದುಕೊಂಡಿರೋದು ಆ ಕಾರಣಕ್ಕೆ ಮಾತ್ರ ಅಲ್ಲ. ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕೆಯನ್ನು ಡಬ್ಬಿಯ ಚುಕ್ಕೆಗೆ ಕೂಡಿಸುತ್ತಾ ಹೋದರೆ ಕಣ್ಣು ಕೊನೇವರೆಗೂ ಸ್ಕ್ರೀನ್ ಮೇಲೇ ಇರುತ್ತದೆ. ಈ ಹಳೇದು ಮೂವತ್ತಡಿ ಹತ್ತಿರಕ್ಕೆ ತಂದು ಬಿಟ್ಟು ಕೈ ಚೆಲ್ಲುತ್ತದೆ. ಅಲ್ಲಿಂದಾಚೆ ಮುರಿದ ಗರಿ, ಸವೆದ ಮಣ್ಣು, ನೆಟ್ಟಗೆ ನಿಂತ ತೊಗಟೆ ಇವನ್ನು ನೋಡೋದು ಕಲಿಯಲೇಬೇಕು. ಹೊಸಬರು ಮೊದಲು ಕಲಿಯಬೇಕಾದ್ದು ಇದು. ಅದಕ್ಕೇ ನೂರಾರು ಡಾಲರಿನ ಹೊಸ ಯಂತ್ರ ಬೇಡ ಅಂತ ಇಷ್ಟು ಒತ್ತಿ ಹೇಳುತ್ತಿರೋದು.

ಊರಿನಲ್ಲಿ ಆಡಬಹುದಾ ಅಂತ ಸ್ನೇಹಿತರು ಕೇಳಿದ್ದಾರೆ. ಬೆಂಗಳೂರಿನಲ್ಲೂ ಡಬ್ಬಿಗಳಿವೆ, ಇಲ್ಲಿಗೆ ಹೋಲಿಸಿದರೆ ಬಹಳ ಕಡಿಮೆ. ಬಸ್‌ಸ್ಟ್ಯಾಂಡ್, ಮೆಟ್ರೋ, ದೇವಸ್ಥಾನದ ಸುತ್ತಮುತ್ತ ಮಾತ್ರ ದಯವಿಟ್ಟು ಇಡಬೇಡಿ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಗಾಬರಿಯಾಗುತ್ತಾರೆ, ಪೊಲೀಸರು ಬರಬೇಕಾಗುತ್ತದೆ. ಇಲ್ಲಿಂದ ಯಂತ್ರ ಕೊಂಡೊಯ್ಯುವವರು ಇನ್ನೊಂದು ಗಮನಿಸಿ: ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನಗಳನ್ನು ಅನುಮತಿ ಇಲ್ಲದೆ ಭಾರತಕ್ಕೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿದು ಕೇಸು ಹಾಕಿದ್ದಿದೆ. ಬೇರೆ ಯಂತ್ರವಾದರೂ ಹೊರಡುವ ಮೊದಲು ನಿಯಮ ವಿಚಾರಿಸಿಕೊಳ್ಳಿ.

ಅಪ್ಪ ವಾಪಸ್ ಹೋಗುವ ಮುಂಚೆ ನಾವೇ ಒಂದು ಡಬ್ಬಿ ಇಡೋಣ ಅಂತ ಶುರು ಮಾಡಿದೆವು. ಇದಕ್ಕೂ ಕ್ರಮ ಇದೆ. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು, ಜಾಗ ಯಾರದ್ದೋ ಅವರ ಒಪ್ಪಿಗೆ ಬೇಕು, ಸ್ವಯಂಸೇವಕರೊಬ್ಬರು ಪರಿಶೀಲಿಸಿದ ಮೇಲೇ ಅದು ಪ್ರಕಟವಾಗುತ್ತದೆ. ಒಂದೇ ಸಲ ನಿಂತು ಅಂಕಿ ಬರೆದುಕೊಂಡರೆ ಸಾಲದು ಅಂತ ಅಪ್ಪನ ಹಟ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಡೆಯಿಂದ ನಡೆದು ಬಂದು ಅದೇ ಕಲ್ಲಿನ ಮೇಲೆ ಯಂತ್ರ ಇಟ್ಟು ಬರೆದುಕೊಳ್ಳಬೇಕು, ಆಮೇಲೆ ಸರಾಸರಿ ತೆಗೆಯಬೇಕು. ಉಪಗ್ರಹಗಳು ಒಂದೊಂದು ಹೊತ್ತಿಗೆ ಒಂದೊಂದು ಕಡೆ ಇರುವುದರಿಂದ ಅವರು ಹೇಳಿದ್ದು ಸರಿ. ಅವರು ಊರಿಗೆ ಹೋದ ಮೇಲೂ ನಾನು ಅಂಕಿ ಬರೆದುಕೊಂಡು ಬಂದು ಫೋನಿನಲ್ಲಿ ಓದಿ ಹೇಳುತ್ತಿದ್ದೆ, ಅವರು ಅಲ್ಲಿ ಡೈರಿಯಲ್ಲಿ ಕೂಡಿ ಭಾಗಿಸುತ್ತಿದ್ದರು. ಕೊನೆಯ ಅಂಕಿ ಈಗ ಎರಡಕ್ಕಿಂತ ಜಾಸ್ತಿ ಅಲುಗಾಡುತ್ತಿಲ್ಲ. ಡಬ್ಬಿಗೆ ನೀರಿಳಿಯದ ಗ್ಯಾಸ್ಕೆಟ್ ಹಾಕಿ ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ನೋಡಿದ್ದೇನೆ, ಒಳಗಿನ ಕಾಗದ ಒಣಗಿದ್ದ ಹಾಗೇ ಇತ್ತು. ಪಾರ್ಕಿನ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಅವರು ಒಪ್ಪಿದ ವಾರವೇ ಇಡುತ್ತೇನೆ.